ಕಾಲ ಮೇಲೆ ಮೀನಿನ ಬಲೆಯಂಥ ನೀಲಿ ಗೆರೆ: ಚಳಿಯೋ, ಬೆಂಕಿಯೋ, ರಕ್ತನಾಳವೋ?

ಉಪಕೇಂದ್ರ_ಸಿಎಚ್‌ಒ

ತೊಡೆ, ಮೀನಖಂಡದ ಮೇಲೆ ಬಲೆ ಹಾಸಿದ ಹಾಗೆ ನೀಲಿ-ನೇರಳೆ ಗೆರೆ ಮೂಡುವುದಕ್ಕೆ ಪುಸ್ತಕದಲ್ಲಿ ಲಿವೆಡೋ ರೆಟಿಕ್ಯುಲಾರಿಸ್ ಅನ್ನೋ ಒಂದೇ ಹೆಸರು. ಅದರ ಕೆಳಗೆ ಪುಟಗಟ್ಟಲೆ ಕಾರಣಗಳು. ಉಪಕೇಂದ್ರದಲ್ಲಿ ಕೂತ ನನ್ನಂಥ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ (ಸಿಎಚ್‌ಒ) ಆ ಪಟ್ಟಿ ಇಟ್ಟುಕೊಂಡು ಏನೂ ಮಾಡೋಕಾಗಲ್ಲ. ಕೇಳೋದು ಇಷ್ಟೇ: ಯಾವುದನ್ನು ಧೈರ್ಯವಾಗಿ ಮನೆಗೆ ಕಳಿಸಬಹುದು, ಯಾವುದಕ್ಕೆ ರಕ್ತಪರೀಕ್ಷೆ ಬೇಕು, ಯಾವುದನ್ನು ಅದೇ ದಿನ ಜಿಲ್ಲಾಸ್ಪತ್ರೆಗೆ ಕಳಿಸಬೇಕು? ಬಂದವರೆಲ್ಲ "ಮೇಡಂ, ನರ ಕಾಣ್ತಾ ಇದೆ" ಅಂತಲೇ ಹೇಳೋದು. ಹಾಗಾಗಿ ವೆರಿಕೋಸ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನೂ ಹೇಳಿ.

ತೊಗಲು_ವೈದ್ಯ

ನರದ ವಿಷಯ ಮೊದಲು ಮುಗಿಸೋಣ. ವೆರಿಕೋಸ್ ಅಂದರೆ ಹಗ್ಗದ ಹಾಗೆ ಉಬ್ಬುತ್ತೆ, ನಿಂತರೆ ಜಾಸ್ತಿ ಆಗುತ್ತೆ, ಬೆರಳಿಗೆ ಸಿಗುತ್ತೆ. ಲಿವೆಡೋ ಬೆರಳಿಗೆ ಸಿಗಲ್ಲ, ಕಣ್ಣಿಗೆ ಮಾತ್ರ. ಗೆರೆಗಳು ಒಂದಕ್ಕೊಂದು ಸೇರಿ ಉಂಗುರಗಳಾಗುತ್ತವೆ, ಪ್ರತಿ ಉಂಗುರದ ನಡುವೆ ಮಾಮೂಲಿ ಅಥವಾ ಬಿಳಿಚಿದ ಚರ್ಮ ಇರುತ್ತೆ.

ಈ ಬಲೆ ಯಾಕೆ ಬರುತ್ತೆ ಅನ್ನೋದಕ್ಕೆ ಹೊಲದಲ್ಲಿ ಸ್ಪ್ರಿಂಕ್ಲರ್ ಹಾಕಿದ್ದನ್ನು ನೆನೆಸಿಕೊಳ್ಳಿ. ಚರ್ಮಕ್ಕೆ ರಕ್ತ ಕೊಡುವ ಸಣ್ಣ ಅಪಧಮನಿಗಳು ಕೆಳಗಿನಿಂದ ನೆಟ್ಟಗೆ ಮೇಲೆ ಬರುತ್ತವೆ. ಒಂದೊಂದೂ ಸುಮಾರು 1ರಿಂದ 3 ಸೆಂ.ಮೀ. ಅಗಲದ ವೃತ್ತಕ್ಕೆ ರಕ್ತ ಹಾಯಿಸುತ್ತೆ. ಒತ್ತಡ ಕಮ್ಮಿಯಾದರೆ ಸ್ಪ್ರಿಂಕ್ಲರ್ ಬುಡದಲ್ಲಿ ನೆಲ ಒದ್ದೆಯಾಗೇ ಇರುತ್ತೆ, ಎರಡು ವೃತ್ತ ಕೂಡುವ ಅಂಚು ಒಣಗುತ್ತೆ. ಚರ್ಮದಲ್ಲೂ ಅಂಚಿನಲ್ಲೇ ಹರಿವು ನಿಧಾನ. ಅಲ್ಲಿರುವ ಅಭಿಧಮನಿಗಳಲ್ಲಿ ಆಮ್ಲಜನಕ ಕಳಕೊಂಡ ರಕ್ತ ತಂಗಿ ನೀಲಿಯಾಗಿ ಕಾಣುತ್ತೆ. ಬಲೆ ಅಂದರೆ ಆ ವೃತ್ತಗಳ ಗಡಿರೇಖೆ, ಅಷ್ಟೇ. ಒತ್ತಡ ಯಾಕೆ ಕಮ್ಮಿಯಾಯಿತು ಅನ್ನೋದನ್ನು ಹುಡುಕಬೇಕು. ಚಳಿಗೆ ನಾಳ ಸಂಕುಚಿಸಿರಬಹುದು, ರಕ್ತ ಮಂದವಾಗಿರಬಹುದು, ನಾಳದ ಗೋಡೆ ಊದಿರಬಹುದು, ಒಳಗೆ ಹೆಪ್ಪು ಕೂತಿರಬಹುದು.

ಹಾಗಾಗಿ ಉಪಕೇಂದ್ರದಲ್ಲಿ ಎರಡು ಪ್ರಶ್ನೆ ಸಾಕು. ಬೆಚ್ಚಗಾದರೆ ಹೋಗುತ್ತಾ? ಉಂಗುರಗಳು ಪೂರ್ತಿಯಾಗಿವೆಯಾ, ಒಡೆದಿವೆಯಾ?

ಮೊದಲನೆಯದಕ್ಕೆ: ಫ್ಯಾನ್ ಆರಿಸಿ, ಗಾಳಿ ಬೀಸದ ಕೋಣೆಯಲ್ಲಿ ಕಾಲಿಗೆ ಕಂಬಳಿ ಹೊದಿಸಿ 20 ನಿಮಿಷ ಮಲಗಿಸಿ. ಆಮೇಲೆ ಕಾಲನ್ನು ಹೃದಯದ ಮಟ್ಟಕ್ಕಿಂತ ಮೇಲೆತ್ತಿ ಎರಡು ನಿಮಿಷ ಹಿಡಿದು ಕಿಟಕಿ ಬೆಳಕಲ್ಲಿ ನೋಡಿ. ಬಲೆ ಪೂರ್ತಿ ಮಾಯವಾಯಿತು, ಎರಡೂ ಕಾಲಲ್ಲಿ ಒಂದೇ ತರ ಇತ್ತು, ನೋವಿಲ್ಲ, ಗಂಟಿಲ್ಲ, ಹುಣ್ಣಿಲ್ಲ ಅಂದರೆ ಅದು ಚಳಿಯ ಬಲೆ. ಹರೆಯದ, ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಕಾಲುಚೀಲ, ಬೆಚ್ಚನೆ ಬಟ್ಟೆ ಸಾಕು. ಮುಲಾಮು ಬರೆದುಕೊಡುವ ಚಟ ಬೇಡ, ಹಚ್ಚಿ ಹೋಗಿಸುವಂಥದ್ದು ಅಲ್ಲಿ ಏನೂ ಇಲ್ಲ.

ಎರಡನೆಯದಕ್ಕೆ: ಗೆರೆ ಅರ್ಧಕ್ಕೇ ತುಂಡಾಗಿ, ಮರದ ಕವಲಿನ ಹಾಗೆ, ಮಿಂಚಿನ ಹಾಗೆ ಅಡ್ಡಾದಿಡ್ಡಿ ಹೋಗಿದ್ದರೆ, ಸೊಂಟ, ಬೆನ್ನು, ತೋಳಿನ ಮೇಲೂ ಇದ್ದರೆ, ಬೆಚ್ಚಗೆ ಮಾಡಿದರೂ ಉಳಿದರೆ ಅದು ಲಿವೆಡೋ ರೆಸಿಮೋಸಾ. 1907ರಲ್ಲೇ ಎರ್ಮನ್ ಇದಕ್ಕೆ ಬೇರೆ ಹೆಸರು ಕೊಟ್ಟಿದ್ದು. ಎರಡನ್ನೂ ಒಂದೇ ಹೆಸರಲ್ಲಿ ಕರೆಯೋದರಿಂದಲೇ ಅರ್ಧ ಗೊಂದಲ. ರೆಸಿಮೋಸಾ ಕಂಡರೆ ಚಳಿ ಅಂತ ಕಳಿಸಲೇಬೇಡಿ.

ಕಾಫಿನಾಡು_ಪಿಎಚ್‌ಸಿ

ತೊಗಲು ಡಾಕ್ಟ್ರೇ, ನಮ್ಮ ಕಡೆ ಬರುವ ಬಲೆಗಳಲ್ಲಿ ಚಳಿಯದ್ದಕ್ಕಿಂತ ಬೆಂಕಿಯದ್ದನ್ನೇ ಜನ ತಪ್ಪು ತಿಳಿಯೋದು. ಅದನ್ನು ಬಿಟ್ಟುಬಿಟ್ರಿ.

ತೊಗಲು_ವೈದ್ಯ

ನಿಜ, ಅದು ಬೇರೆ ರೋಗ, ಆದರೆ ನೋಡೋಕೆ ತಂಗಿ ತರ. ಹೆಸರು ಎರಿಥೀಮಾ ಆಬ್ ಇಗ್ನೆ, ಅಂದರೆ "ಬೆಂಕಿಯಿಂದ ಬಂದ ಕೆಂಪು". ಸುಡದಷ್ಟು ಶಾಖ, 43ರಿಂದ 47 ಡಿಗ್ರಿ, ಒಂದೇ ಜಾಗಕ್ಕೆ ದಿನಾ ತಾಗಿದರೆ ಬರುತ್ತೆ. ಮೊದಲು ಒತ್ತಿದರೆ ಮಾಯವಾಗುವ ಕೆಂಪು ಬಲೆ. ತಿಂಗಳುಗಳು ಕಳೆದ ಮೇಲೆ ಮೆಲನಿನ್ ಅನ್ನೋ ಚರ್ಮದ ಬಣ್ಣ ಕೂತು ಕಂದು ಬಲೆ, ಆಗ ಒತ್ತಿದರೂ ಹೋಗಲ್ಲ, ಬೆಚ್ಚಗೆ ಮಾಡಿದರೂ ಹೋಗಲ್ಲ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಹಂತ ಕಣ್ಣಿಗೇ ಬೀಳಲ್ಲ, ಕಂದಾದ ಮೇಲೇ ಬರ್ತಾರೆ. ಹಾಗಾಗಿ "ಬೆಚ್ಚಗೆ ಮಾಡಿದರೂ ಉಳಿಯಿತು" ಅನ್ನೋ ಮಾತ್ರಕ್ಕೆ ರೆಸಿಮೋಸಾ ಅನ್ನಬೇಡಿ. ಬಣ್ಣ ನೋಡಿ: ನೇರಳೆ ಇದ್ದರೆ ರಕ್ತ, ಕಂದು ಇದ್ದರೆ ಶಾಖ.

ಜಾಗವೇ ಕಾರಣ ಹೇಳುತ್ತೆ. ಸೊಂಟದ ಹಿಂದೆ ಅಂಗೈ ಅಗಲ ಇದ್ದರೆ ಬಿಸಿನೀರಿನ ಚೀಲ ಅಥವಾ ಕರೆಂಟ್ ಹೀಟಿಂಗ್ ಪ್ಯಾಡ್. ತೊಡೆಯ ಮುಂಭಾಗ, ಅದರಲ್ಲೂ ಎಡತೊಡೆ ಆದರೆ ಲ್ಯಾಪ್‌ಟಾಪ್ (ಹಳೆಯ ಯಂತ್ರಗಳಲ್ಲಿ ಸಿಡಿ ಡ್ರೈವ್ ಎಡಗಡೆಗೇ ಇರೋದು). ಮೊಣಕಾಲ ಕೆಳಗೆ ಒಲೆಗೆ ಮುಖ ಮಾಡಿದ ಪಕ್ಕಕ್ಕೆ ಮಾತ್ರ ಇದ್ದರೆ ಸೌದೆ ಒಲೆ ಮುಂದೆ ಕೂತು ರೊಟ್ಟಿ ಸುಡುವವರು. ಹೊಟ್ಟೆ ಮೇಲಿದ್ದರೆ "ಹೊಟ್ಟೆನೋವಿಗೆ ಶಾಖ ಕೊಡ್ತೀರಾ?" ಅಂತ ಕೇಳಿ, ಆಮೇಲೆ ಆ ಹೊಟ್ಟೆನೋವು ಯಾಕೆ ಅಂತ ಹುಡುಕಿ. ಬಲೆಗಿಂತ ಅದೇ ದೊಡ್ಡ ವಿಷಯ. ಮೇದೋಜೀರಕದ ಹಳೇ ಊತವೋ ಗಡ್ಡೆಯೋ ಹಿಂದೆ ಅಡಗಿರಬಹುದು.

ಕಾಫಿನಾಡು_ಪಿಎಚ್‌ಸಿ

ಬಾಣಂತಿಯರನ್ನೂ ಸೇರಿಸಿಕೊಳ್ಳಿ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ಮನೆಗಳು ಇನ್ನೂ ಇವೆ. ಸೊಂಟ, ತೊಡೆ ಹಿಂಭಾಗಕ್ಕೆ ಬಲೆ ಬರುತ್ತೆ. ಆದರೆ ಶಾಖವೇ ಬೇಡ ಅಂದರೆ ಮನೆಯ ಅಜ್ಜಿಯರು ನಮ್ಮ ಮಾತು ಕೇಳೋದನ್ನೇ ಬಿಟ್ಟುಬಿಡ್ತಾರೆ. ನಾವು ಹೇಳೋದು ಹೀಗೆ: ಕೆಂಡ ಮಂಚದ ಕೆಳಗೆ ಬೇಡ, ಮುಚ್ಚಿದ ಕೋಣೆಯಲ್ಲಂತೂ ಬೇಡವೇ ಬೇಡ, ಹೊಗೆಗಿಂತ ಕಣ್ಣಿಗೆ ಕಾಣದ ಕಾರ್ಬನ್ ಮೊನಾಕ್ಸೈಡ್ ತಾಯಿ-ಮಗು ಇಬ್ಬರಿಗೂ ಅಪಾಯ. ಬಿಸಿನೀರಿನ ಚೀಲಕ್ಕೆ ದಪ್ಪ ಟವೆಲ್ ಸುತ್ತಿ, ಒಂದು ಸಲಕ್ಕೆ 15 ನಿಮಿಷ, ಜಾಗ ಬದಲಿಸುತ್ತಾ, ಚೀಲ ಇಟ್ಟುಕೊಂಡು ನಿದ್ದೆ ಮಾಡಬಾರದು. "ಸುಡ್ತಾ ಇಲ್ವಲ್ಲ ಡಾಕ್ಟ್ರೇ" ಅಂತಾರೆ. ಸುಡದೇ ಇರೋದಕ್ಕೇ ಗಂಟೆಗಟ್ಟಲೆ ಇಟ್ಟುಕೊಳ್ಳೋದು, ಅದಕ್ಕೇ ಬಲೆ ಬರೋದು.

ಶಾಖ ನಿಲ್ಲಿಸಿದರೆ ಹೊಸ ಬಲೆ ತಿಂಗಳುಗಳಲ್ಲಿ ಮಾಸುತ್ತೆ. ಹಳೆಯದು ಪೂರ್ತಿ ಹೋಗಲಿಕ್ಕಿಲ್ಲ. ವರ್ಷಾನುಗಟ್ಟಲೆ ಆದ ಜಾಗದಲ್ಲಿ ಒರಟು ಗಂಟು, ವಾಸಿಯಾಗದ ಹುಣ್ಣು ಕಂಡರೆ ಬಯಾಪ್ಸಿ (ಚರ್ಮದ ತುಣುಕು ತೆಗೆದು ಪರೀಕ್ಷೆ) ಬೇಕೇ ಬೇಕು. ಕಾಶ್ಮೀರದಲ್ಲಿ ಫಿರನ್ ಅನ್ನೋ ನಿಲುವಂಗಿ ಒಳಗೆ ಕೆಂಡದ ಮಡಕೆ (ಕಾಂಗ್ರಿ) ಇಟ್ಟುಕೊಳ್ಳುವವರಿಗೆ ಹೊಟ್ಟೆ, ತೊಡೆ ಮೇಲೆ ಬರುವ ಕಾಂಗ್ರಿ ಕ್ಯಾನ್ಸರ್ ಇದೇ ದಾರಿಯಲ್ಲಿ ಬರೋದು.

ಔಷಧಂಗಡಿ_ಬಿಫಾರ್ಮ್

ಮಾತ್ರೆ ಚೀಟಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ. ಪಾರ್ಕಿನ್ಸನ್ಸ್‌ಗೆ ಅಮಾಂಟಡೀನ್ 100 ಮಿ.ಗ್ರಾಂ. ದಿನಕ್ಕೆ ಎರಡು ಸಲ ತಗೊಳ್ಳೋರಲ್ಲಿ ಕಾಲಿಗೆ ಬಲೆ ಬರೋದು ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಜೊತೆಗೆ ಹರಡಿನ ಹತ್ತಿರ ಊತ. ಶುರುಮಾಡಿದ ಕೆಲವೇ ವಾರಕ್ಕೂ ಬರಬಹುದು, ವರ್ಷಗಳ ನಂತರವೂ ಬರಬಹುದು. ಬಲೆ ನೋಡಿ ಹೆದರಿ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ. ಹಠಾತ್ತಾಗಿ ನಿಲ್ಲಿಸಿದರೆ ಮೈ ಮರಗಟ್ಟಿ, ಜ್ವರ ಏರಿ, ಗೊಂದಲವಾಗಿ ಐಸಿಯು ಸೇರಿದ ಪ್ರಕರಣಗಳು ವೈದ್ಯಕೀಯ ಬರಹದಲ್ಲಿ ದಾಖಲಾಗಿವೆ. ನರರೋಗ ವೈದ್ಯರನ್ನು ಕೇಳಿ ಇಳಿಸಬೇಕು. ಇಳಿಸಿದ ಮೇಲೆ ವಾರಗಳಿಂದ ತಿಂಗಳುಗಳಲ್ಲಿ ಬಲೆ ಹೋಗುತ್ತೆ. ಬರೀ ಬಲೆ ಇದೆ, ಬೇರೆ ತೊಂದರೆ ಇಲ್ಲ ಅಂದರೆ ಮಾತ್ರೆ ಮುಂದುವರಿಸೋದೂ ಉಂಟು.

ಸಂಧಿವಾತ_ವಿಭಾಗ

ರೆಸಿಮೋಸಾಗೆ ಬರೋಣ. ಇದನ್ನು ಕಂಡ ತಕ್ಷಣ ಮೊದಲು ನೆನಪಾಗಬೇಕಾದ್ದು ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್. ಎಪಿಎಸ್ ಅಂತೀವಿ. ದೇಹ ತಾನೇ ತಯಾರಿಸಿದ ಪ್ರತಿಕಾಯಗಳಿಂದ ರಕ್ತ ಎಲ್ಲಿ ಬೇಕಾದರೂ ಹೆಪ್ಪುಗಟ್ಟುವ ಕಾಯಿಲೆ. 2023ರ ವರ್ಗೀಕರಣ ಮಾನದಂಡದಲ್ಲಿ ಈ ಒಡೆದ ಬಲೆಗೂ ಅಂಕ ಇದೆ.

ಉಪಕೇಂದ್ರದಲ್ಲೇ ಕೇಳಿ ತಿಳಿಯುವಂಥವು: 10 ವಾರ ದಾಟಿದ ಮೇಲೆ ಗರ್ಭ ಹೋಗಿದೆಯಾ? ಮೊದಮೊದಲೇ ಮೂರು ಸಲ ಜಾರಿದೆಯಾ? ಕಾಲಿನ ಆಳದ ನಾಳದಲ್ಲಿ ಹೆಪ್ಪು ಕಟ್ಟಿತ್ತಾ? 50 ವರ್ಷಕ್ಕೂ ಮೊದಲು ಒಂದು ಪಕ್ಕ ಬಿದ್ದುಹೋಗಿತ್ತಾ, ಸ್ವಲ್ಪ ಹೊತ್ತು ಮಾತು ತೊದಲಿ ಸರಿಹೋಗಿತ್ತಾ? ಹಳೇ ತಾಯಿ ಕಾರ್ಡ್ ತೆಗೆಸಿ ನೋಡಿ. ಸಿಫಿಲಿಸ್‌ನ ಮೊದಲ ಪರೀಕ್ಷೆ ವಿಡಿಆರ್‌ಎಲ್ ಪಾಸಿಟಿವ್ ಬಂದು, ಅದನ್ನು ಖಚಿತಪಡಿಸುವ ಟಿಪಿಎಚ್‌ಎ ನೆಗೆಟಿವ್ ಬಂದಿದ್ದರೆ ಅದು ಸಿಫಿಲಿಸ್ ಅಲ್ಲ, ಈ ಪ್ರತಿಕಾಯಗಳ ಕೈವಾಡ ಇರಬಹುದು. ವಿಡಿಆರ್‌ಎಲ್ ಪರೀಕ್ಷೆಯ ದ್ರಾವಣದಲ್ಲೇ ಕಾರ್ಡಿಯೋಲಿಪಿನ್ ಇರುತ್ತೆ, ಅದಕ್ಕೇ ಅಂಟಿಕೊಳ್ಳೋದು. ಗಂಡ-ಹೆಂಡಿರ ನಡುವೆ ಅನುಮಾನ ಹುಟ್ಟಿಸಿ ಬಿಟ್ಟುಬಿಡುವ ರಿಪೋರ್ಟ್ ಇದು, ದಯವಿಟ್ಟು ಎರಡನೇ ಪರೀಕ್ಷೆ ಆಗದೆ ಏನೂ ಹೇಳಬೇಡಿ. ಪ್ಲೇಟ್‌ಲೆಟ್ ಸ್ವಲ್ಪ ಕಮ್ಮಿ, ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಎಪಿಟಿಟಿ ಮಾತ್ರ ಉದ್ದ ಬಂದಿದ್ದರೂ ಅನುಮಾನ ಇರಲಿ.

ಪರೀಕ್ಷೆ ಮೂರು: ಲೂಪಸ್ ಆಂಟಿಕೊಯಾಗ್ಯುಲೆಂಟ್, ಆಂಟಿ ಕಾರ್ಡಿಯೋಲಿಪಿನ್ ಐಜಿಜಿ-ಐಜಿಎಂ, ಆಂಟಿ ಬೀಟಾ-2 ಗ್ಲೈಕೊಪ್ರೊಟೀನ್-1 ಐಜಿಜಿ-ಐಜಿಎಂ. ಪಾಸಿಟಿವ್ ಬಂದರೆ ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಸೋಂಕು ಬಂದು ಹೋದಾಗ ತಾತ್ಕಾಲಿಕವಾಗಿ ಏರುತ್ತವೆ, ಒಂದೇ ರಿಪೋರ್ಟ್ ಹಿಡಿದು ಜೀವನಪರ್ಯಂತ ರಕ್ತ ತೆಳುವಾಗಿಸುವ ವಾರ್ಫರಿನ್ ಹಾಕಿದವರೂ ಇದ್ದಾರೆ.

ಇದರ ನಡುವೆ ಸಿಎಚ್‌ಒಗಳು ಮಾಡಬಹುದಾದ ದೊಡ್ಡ ಉಪಕಾರ ಒಂದಿದೆ. ಅನುಮಾನ ಬಂದವರಿಗೆ ಮಾಲಾ-ಎನ್ ಗರ್ಭನಿರೋಧಕ ಮಾತ್ರೆ ಕೊಡಬೇಡಿ. ಅದರಲ್ಲಿ ಎಥಿನೈಲ್ ಈಸ್ಟ್ರಡಯೋಲ್ ಇದೆ, ಹೆಪ್ಪು ಹೆಚ್ಚಿಸುತ್ತೆ. ಕಾಪರ್-ಟಿ ಹಾಕಬಹುದು. ಬೀಡಿ-ಸಿಗರೇಟು ಸೇದುವವರಾದರೆ ಅದನ್ನೂ ಬಿಡಿಸಬೇಕು.

ಹೊಸಪೇಟೆ_ಎಂಡಿ

ಸುಮ್ಮನೆ ಎಎನ್‌ಎ ಪ್ರೊಫೈಲ್ (ಜೀವಕೋಶದ ನ್ಯೂಕ್ಲಿಯಸ್ ವಿರುದ್ಧದ ಪ್ರತಿಕಾಯಗಳ ಪರೀಕ್ಷೆ) ಕಳಿಸಿದರೆ ಎಲ್ಲಾ ಒಟ್ಟಿಗೆ ಗೊತ್ತಾಗಲ್ವಾ?

ಸಂಧಿವಾತ_ವಿಭಾಗ

ಇಲ್ಲ ಸರ್. ಎಎನ್‌ಎ ಪ್ರೊಫೈಲ್‌ನಲ್ಲಿ ಈ ಮೂರೂ ಇರಲ್ಲ. ಎಎನ್‌ಎ ನೆಗೆಟಿವ್ ಬಂದು "ಏನಿಲ್ಲ" ಅಂತ ಕಳಿಸಿದ ಎಪಿಎಸ್ ಎಷ್ಟೋ. ಎಎನ್‌ಎ ಮಂದವಾಗಿ ಪಾಸಿಟಿವ್ ಬಂದ ಆರೋಗ್ಯವಂತರೂ ಬೇಕಾದಷ್ಟು ಇದ್ದಾರೆ, ಅವರು ಲೂಪಸ್ (ದೇಹದ ಪ್ರತಿಕಾಯಗಳು ದೇಹವನ್ನೇ ಕೆಡಿಸುವ ಕಾಯಿಲೆ) ಅಂದುಕೊಂಡು ನಿದ್ದೆಗೆಟ್ಟಿರ್ತಾರೆ. ಮೊದಲ ಸುತ್ತಿಗೆ ಸಿಬಿಸಿ (ರಕ್ತಕಣ ಎಣಿಕೆ), ಇಎಸ್‌ಆರ್ (ಊತದ ಸೂಚಕ), ಕ್ರಿಯಾಟಿನಿನ್ (ಮೂತ್ರಪಿಂಡದ್ದು), ಮೂತ್ರ, ಹೆಪಟೈಟಿಸ್ ಬಿ ಮತ್ತು ಸಿ, ಎಎನ್‌ಎ, ಜೊತೆಗೆ ಮೇಲಿನ ಮೂರು. ಸಿಬಿಸಿಯಲ್ಲಿ ಹಿಮೋಗ್ಲೋಬಿನ್ ವಿಪರೀತ ಜಾಸ್ತಿ ಅಥವಾ ಪ್ಲೇಟ್‌ಲೆಟ್ ಮಾಮೂಲಿಗಿಂತ ತುಂಬಾ ಏರಿದ್ದರೆ ದಾರಿ ರಕ್ತರೋಗ ವಿಭಾಗಕ್ಕೆ.

ಲ್ಯಾಬ್_ಡಿಎಂಎಲ್‌ಟಿ

ಚೀಟಿ ಬರೆಯೋದು ಸುಲಭ, ಸ್ಯಾಂಪಲ್ ಹಾಳಾಗೋದು ನಮ್ಮ ಹಂತದಲ್ಲಿ. ಎರಡು ಮಾತು.

ಲೂಪಸ್ ಆಂಟಿಕೊಯಾಗ್ಯುಲೆಂಟ್‌ಗೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್, ಗುರುತಿನವರೆಗೂ ತುಂಬಲೇಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಅರ್ಧ ತುಂಬಿಸಿದರೆ ರಿಪೋರ್ಟ್ ಸುಳ್ಳು. ಪ್ಲಾಸ್ಮಾವನ್ನು ಎರಡು ಸಲ ಸೆಂಟ್ರಿಫ್ಯೂಜ್ ಮಾಡಬೇಕು. ಪ್ಲೇಟ್‌ಲೆಟ್ ಪ್ರತಿ ಮೈಕ್ರೋಲೀಟರ್‌ಗೆ 10,000ಕ್ಕಿಂತ ಕಮ್ಮಿ ಉಳಿಯಬೇಕು. ಉಳಿದ ಪ್ಲೇಟ್‌ಲೆಟ್‌ಗಳು ಫ್ರೀಜ್ ಮಾಡಿದಾಗ ಒಡೆದು ಪ್ರತಿಕಾಯಗಳನ್ನು ಹೀರಿಕೊಳ್ಳುತ್ತವೆ, ನಿಜವಾದ ಪಾಸಿಟಿವ್ ನೆಗೆಟಿವ್ ಆಗಿಬಿಡುತ್ತೆ. ಹೆಪಾರಿನ್, ವಾರ್ಫರಿನ್, ರಿವಾರೊಕ್ಸಬಾನ್, ಹೀಗೆ ರಕ್ತ ತೆಳುವಾಗಿಸುವ ಮದ್ದು ಯಾವುದು ನಡೀತಿದ್ದರೂ ಚೀಟಿಯಲ್ಲಿ ಬರೆಯಿರಿ. ಆಗುವುದಾದರೆ ಮದ್ದು ಶುರುವಾಗುವ ಮೊದಲೇ ರಕ್ತ ತೆಗೆಸಿ.

ಕ್ರಯೋಗ್ಲೋಬ್ಯುಲಿನ್ ಇನ್ನೂ ಸೂಕ್ಷ್ಮ. ತಂಪಾದರೆ ಹರಳುಗಟ್ಟಿ, ಬಿಸಿಯಾದರೆ ಕರಗುವ ಪ್ರೊಟೀನ್ ಇದು, ಹೆಪಟೈಟಿಸ್ ಸಿ ಇರುವವರಲ್ಲಿ ನೋಡಬೇಕಾದ್ದು. ಟ್ಯೂಬ್, ಸಿರಿಂಜ್ ಎರಡನ್ನೂ 37 ಡಿಗ್ರಿಗೆ ಮೊದಲೇ ಬೆಚ್ಚಗೆ ಮಾಡಿಟ್ಟು, ಜೆಲ್ ಇಲ್ಲದ ಸಾದಾ ಟ್ಯೂಬ್‌ಗೆ 10-20 ಮಿ.ಲೀ. ತೆಗೆದು, 37 ಡಿಗ್ರಿ ನೀರು ತುಂಬಿದ ಥರ್ಮಾಸ್ ಫ್ಲಾಸ್ಕ್‌ನಲ್ಲೇ ಲ್ಯಾಬ್‌ಗೆ ತರಬೇಕು. ಹೆಪ್ಪುಗಟ್ಟುವುದೂ, ಸೆಂಟ್ರಿಫ್ಯೂಜ್ ಆಗುವುದೂ ಬಿಸಿಯಲ್ಲೇ. ಆಮೇಲೆ ಸೀರಮ್ ಅನ್ನು 4 ಡಿಗ್ರಿ ಫ್ರಿಜ್‌ನಲ್ಲಿ 7 ದಿನ ಇಟ್ಟು ದಿನಾ ತಳ ನೋಡೋದು. ಬಿಳಿ ಗಸಿ ಕೂತರೆ ಮತ್ತೆ 37 ಡಿಗ್ರಿಗೆ ಇಟ್ಟು ಕರಗುತ್ತಾ ಅಂತ ನೋಡೋದು, ಕರಗಿದರೆ ಮಾತ್ರ ಪಾಸಿಟಿವ್. ಮಾಮೂಲಿ ಸ್ಯಾಂಪಲ್ ಜೊತೆ ಐಸ್ ಬಾಕ್ಸ್‌ನಲ್ಲಿ ಬಂದರೆ ಆ ಪ್ರೊಟೀನ್ ರಕ್ತದ ಗರಣೆ ಜೊತೆಗೇ ತಳ ಸೇರಿ ಕಸದ ಬುಟ್ಟಿಗೆ ಹೋಗಿರುತ್ತೆ. ಆಮೇಲೆ ಬರುವ "ನೆಗೆಟಿವ್" ರಿಪೋರ್ಟ್‌ಗೆ ಬೆಲೆ ಇಲ್ಲ.

ಸ್ಲೈಡ್_ನೋಡುವವ

ಪೆಥಾಲಜಿ ಕಡೆಯಿಂದ ಒಂದು ತಕರಾರು. ಬಯಾಪ್ಸಿಯನ್ನು ಎಲ್ಲರೂ ನೀಲಿ ಗೆರೆಯಿಂದ ತೆಗೆದು ಕಳಿಸ್ತಾರೆ. ತೊಗಲು ಡಾಕ್ಟ್ರು ಹೇಳಿದ ಸ್ಪ್ರಿಂಕ್ಲರ್ ಲೆಕ್ಕವನ್ನೇ ನೆನಪಿಡಿ: ಕೆಟ್ಟ ಪೈಪು ವೃತ್ತದ ನಡುವೆ ಇದೆ, ಅಂಚಿನಲ್ಲಲ್ಲ. ಉಂಗುರದ ಒಳಗಿನ ಬಿಳಿಚಿದ ಭಾಗದಿಂದ ತೆಗೀಬೇಕು, ಕೊಬ್ಬಿನ ಪದರ ಬರುವಷ್ಟು ಆಳಕ್ಕೆ. ಸ್ನೆಡನ್ ಸಿಂಡ್ರೋಮ್‌ನಲ್ಲಿ ಬಿಳಿ ಜಾಗದಿಂದ 4 ಮಿ.ಮೀ. ಪಂಚ್ (ದುಂಡು ತುಣುಕು) ಒಂದೇ ತೆಗೆದರೆ ರೋಗ ಸಿಕ್ಕಿದ್ದು 27%, ಎರಡಾದರೆ 53%, ಮೂರಾದರೆ 80%. ಒಂದೇ ಪಂಚ್ ತೆಗೆದು ನಾರ್ಮಲ್ ಅಂದುಕೊಳ್ಳಬೇಡಿ. ಗಂಟು ಕೈಗೆ ಸಿಗುತ್ತಿದ್ದರೆ ಪಂಚ್ ಬಿಟ್ಟು ಗಂಟನ್ನೇ ಕತ್ತಿಯಲ್ಲಿ ಆಳವಾಗಿ ತೆಗೆದು ಕಳಿಸಿ.

ಉಪಕೇಂದ್ರ_ಸಿಎಚ್‌ಒ

ಸ್ನೆಡನ್ ಅಂದರೆ?

ಸಂಧಿವಾತ_ವಿಭಾಗ

ಒಡೆದ ಬಲೆ ಜೊತೆಗೆ ಚಿಕ್ಕ ವಯಸ್ಸಿನ ಪಾರ್ಶ್ವವಾಯು. 1965ರಲ್ಲಿ ಸ್ನೆಡನ್ ಆರು ರೋಗಿಗಳನ್ನು ವಿವರಿಸಿ ಬರೆದಿದ್ದು. ಬಲೆ ಮೊದಲು, ಪಾರ್ಶ್ವವಾಯು ವರ್ಷಗಳ ನಂತರ ಬರೋದೇ ಹೆಚ್ಚು, ನಡುವೆ ತಲೆನೋವು, ಬಿಪಿ, ಮರೆವು. ಕೆಲವರಲ್ಲಿ ಎಪಿಎಸ್ ಪ್ರತಿಕಾಯ ಸಿಗುತ್ತೆ, ಕೆಲವರಲ್ಲಿ ಸಿಗಲ್ಲ. ಪುಟ್ಟ ಮಕ್ಕಳಲ್ಲಿ ಇದೇ ಜೋಡಿ ಕಂಡರೆ, ಪದೇಪದೇ ಜ್ವರವೂ ಇದ್ದರೆ, 2014ರಲ್ಲಿ ಗುರುತಿಸಿದ ಎಡಿಎ-2 ಕೊರತೆ ಅನ್ನೋ ವಂಶವಾಹಿ ಕಾಯಿಲೆ ಯೋಚಿಸಬೇಕು. ಅದಕ್ಕೆ ಊತ ಹೆಚ್ಚಿಸುವ ಟಿಎನ್‌ಎಫ್ ಅನ್ನೋ ಪ್ರೊಟೀನ್ ತಡೆಯುವ ಚುಚ್ಚುಮದ್ದಿದೆ, ಶುರುಮಾಡಿದರೆ ಪಾರ್ಶ್ವವಾಯು ಮರುಕಳಿಸುವುದು ತುಂಬಾ ಕಮ್ಮಿಯಾಗುತ್ತೆ. ಹಾಗಾಗಿ ತಡಮಾಡಬಾರದು.

ಮುಟ್ಟಿದರೆ ನೋಯುವ ಗಂಟು, ತೂಕ ಇಳಿಕೆ, ಹೊಸದಾಗಿ ಬಿಪಿ, ಒಂದು ಪಾದ ಎತ್ತೋಕಾಗದೆ ಎಳೆದುಕೊಂಡು ನಡೆಯೋದು, ಇವು ಬಲೆ ಜೊತೆ ಬಂದರೆ ಪಾಲಿಆರ್ಟರೈಟಿಸ್ ನೊಡೋಸಾ, ಅಂದರೆ ಅಪಧಮನಿಗಳ ಗೋಡೆ ಊದುವ ಕಾಯಿಲೆ. ಪಾದ ಬಿದ್ದರೆ ನಮ್ಮಲ್ಲಿ ಮೊದಲು ಕುಷ್ಠ ಅಂತಾರೆ. ಸ್ಪರ್ಶ ಹೋದ ಮಚ್ಚೆ, ದಪ್ಪವಾದ ನರ ಇಲ್ಲದಿದ್ದರೆ ಇದನ್ನೂ ನೆನೆಸಿಕೊಳ್ಳಿ, ಹೆಪಟೈಟಿಸ್ ಬಿ ನೋಡಿ.

ತೊಗಲು_ವೈದ್ಯ

ಹರಡಿನ ಸುತ್ತ ಸಣ್ಣ ಸಣ್ಣ, ವಿಪರೀತ ನೋಯುವ ಹುಣ್ಣುಗಳಾಗಿ, ಮಾಗಿದ ಮೇಲೆ ದಂತದ ಬಣ್ಣದ ನಕ್ಷತ್ರಾಕಾರದ ಕಲೆ ಉಳಿದರೆ ಅದು ಲಿವೆಡಾಯ್ಡ್ ವ್ಯಾಸ್ಕುಲೋಪತಿ. ವಿಚಿತ್ರ ಅಂದರೆ ಇದು ಬೇಸಿಗೆಯಲ್ಲಿ ಜಾಸ್ತಿ ಕಾಡುತ್ತೆ. ಸಣ್ಣ ನಾಳದೊಳಗೆ ಹೆಪ್ಪು ಕೂರುವುದು ಇಲ್ಲಿನ ದೋಷ, ನಾಳದ ಊತ ಅಲ್ಲ. ಹಾಗಾಗಿ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿಸಿದರೂ ಹುಣ್ಣು ಬಿಡಲ್ಲ, ರಕ್ತ ತೆಳುವಾಗಿಸುವ ಮದ್ದಿಗೆ ಬಗ್ಗುತ್ತೆ.

ಐಸಿಯು_ನೈಟ್‌ಶಿಫ್ಟ್

ಅದೇ ದಿನ ಕಳಿಸಬೇಕಾದ ಬಲೆ ಯಾವುದು ಅಂತ ಇನ್ನೂ ಯಾರೂ ಹೇಳಿಲ್ಲ. ಜ್ವರ ಇರುವ ರೋಗಿಯ ಮಂಡಿಚಿಪ್ಪಿನ ಮೇಲೆ ನೇರಳೆ ಬಲೆ. ಸೆಪ್ಸಿಸ್‌ನಲ್ಲಿ (ಸೋಂಕಿನಿಂದ ಅಂಗಾಂಗ ಕೆಡುವ ಸ್ಥಿತಿ) ದೇಹ ಚರ್ಮಕ್ಕೆ ರಕ್ತ ಕಡಿದು ಹೃದಯ-ಮಿದುಳಿಗೆ ಕೊಡುತ್ತೆ. 0ಯಿಂದ 5ರವರೆಗೆ ಅಂಕ ಇದೆ: ಮಂಡಿ ನಡುವೆ ನಾಣ್ಯದಷ್ಟಿದ್ದರೆ 1, ಮಂಡಿಚಿಪ್ಪಿನ ಮೇಲಂಚು ದಾಟದಿದ್ದರೆ 2, ತೊಡೆಯ ಅರ್ಧದವರೆಗೆ 3, ತೊಡೆಸಂದಿನವರೆಗೆ 4, ಅದನ್ನೂ ದಾಟಿದರೆ 5. ಬಿಪಿ ಇನ್ನೂ ಚೆನ್ನಾಗೇ ಇರುವಾಗಲೂ ಮಂಡಿ ಬಣ್ಣ ಬದಲಾಗಿರಬಹುದು. ಬೆರಳ ತುದಿ ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡ್‌ಗಿಂತ ಹೆಚ್ಚು ಹಿಡಿದರೆ, ಉಸಿರು ವೇಗ ಇದ್ದರೆ, 108 ಕರೀರಿ. ಕಂಬಳಿ ಹೊದಿಸಿ 20 ನಿಮಿಷ ಕಾಯುವ ಪರೀಕ್ಷೆ ಇವರಿಗಲ್ಲ.

ಮಕ್ಕಳ_ವಾರ್ಡ್

ಹಸುಗೂಸಿಗೂ ಇದೇ ಮಾತು. ಬಟ್ಟೆ ಬಿಚ್ಚಿದಾಗ ಮೈಯೆಲ್ಲ ಬಲೆ ಬಂದು, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಮಲಗಿಸಿದ ಮೇಲೆ ಹೋದರೆ ಅದು ಕ್ಯೂಟಿಸ್ ಮಾರ್ಮೊರೇಟಾ, ಏನೂ ಬೇಡ. ಬೆಚ್ಚಗೆ ಮಾಡಿದರೂ ಉಳಿದು, ಮಗು ಹಾಲು ಕುಡಿಯದೆ ಸುಸ್ತಾಗಿದ್ದರೆ ಸೋಂಕು ಅಂತಲೇ ತಿಳಿಯಿರಿ. ಮಗು ಚೆನ್ನಾಗೇ ಇದೆ, ಆದರೆ ಹುಟ್ಟಿದಾಗಿನಿಂದ ಒಂದೇ ಕಾಲಲ್ಲಿ ಗಾಢ ಬಲೆ, ಚರ್ಮ ತಗ್ಗಿದ ಹಾಗಿದ್ದರೆ ಅದು 1922ರಲ್ಲಿ ವಾನ್ ಲೋಹೌಜೆನ್ ವಿವರಿಸಿದ ಜನ್ಮಜಾತ ಬಗೆ. ಎರಡೂ ಕಾಲಿನ ಉದ್ದ-ಸುತ್ತಳತೆ ಅಳೆದು ಬರೆದಿಡಿ, ಮುಖದ ಮೇಲಿದ್ದರೆ ಕಣ್ಣಿನ ಒತ್ತಡ ನೋಡಿಸಿ.

ಸಂಧಿವಾತ_ವಿಭಾಗ

ಅದೇ ದಿನ ಕಳಿಸಬೇಕಾದವು ಇನ್ನೆರಡು. ಆಂಜಿಯೋಗ್ರಾಮ್ ಆಗಿ ಕೆಲ ದಿನ, ವಾರಗಳಲ್ಲಿ ವಯಸ್ಸಾದವರ ಕಾಲ್ಬೆರಳು ನೀಲಿ, ಮೇಲೆ ಬಲೆ, ಪಾದದ ನಾಡಿ ಮಾತ್ರ ಚೆನ್ನಾಗಿ ಸಿಗ್ತಾ ಇದೆ ಅಂದರೆ ಮಹಾಧಮನಿಯ ಗೋಡೆಯಿಂದ ಕೊಲೆಸ್ಟ್ರಾಲ್ ಹರಳು ಕಿತ್ತು ಬಂದಿರಬಹುದು. ನಾಡಿ ಸಿಗ್ತಲ್ಲ ಅಂತ ಸಮಾಧಾನ ಪಡಬೇಡಿ, ಕ್ರಿಯಾಟಿನಿನ್ ಏರ್ತಾ ಇರುತ್ತೆ. ಡಯಾಲಿಸಿಸ್ ರೋಗಿಯ ತೊಡೆ, ಹೊಟ್ಟೆ ಮೇಲೆ ಉರಿಯುವ ಬಲೆ ಬಂದು ಕಪ್ಪಗಾಗ್ತಾ ಇದ್ದರೆ ಕ್ಯಾಲ್ಸಿಫೈಲಾಕ್ಸಿಸ್, ಅಂದರೆ ಸಣ್ಣ ನಾಳಗಳಲ್ಲಿ ಕ್ಯಾಲ್ಸಿಯಂ ಕೂರುವ ಕಾಯಿಲೆ.

ಉಪಕೇಂದ್ರ_ಸಿಎಚ್‌ಒ

ಚುಚ್ಚುಮದ್ದು ಕೊಟ್ಟ ಜಾಗದಲ್ಲೇ ಬಲೆ ಬರೋದೂ ಇದಕ್ಕೇ ಸೇರುತ್ತಾ?

ತೊಗಲು_ವೈದ್ಯ

ಸೇರುತ್ತೆ. ನಿಕೊಲಾವ್ ಸಿಂಡ್ರೋಮ್. ಡೈಕ್ಲೋಫೆನಾಕ್ ಅಥವಾ ಬೆಂಜಥೀನ್ ಪೆನಿಸಿಲಿನ್ ಕುಂಡೆಗೆ ಕೊಟ್ಟ ಕೂಡಲೇ ರೋಗಿ ಚೀರುವಷ್ಟು ನೋವು, ಜಾಗ ಬಿಳಿಚಿ, ಕೆಲ ಗಂಟೆಗಳಲ್ಲಿ ಸೂಜಿ ಗುರುತಿನ ಸುತ್ತ ಕೊಂಬೆ ಕೊಂಬೆಯಾದ ನೀಲಿ ಬಲೆ, ದಿನಗಳಲ್ಲಿ ಕಪ್ಪು ತೊಗಲು. ಮದ್ದು ಅಪಧಮನಿಯ ಒಳಗೋ ಸುತ್ತಲೋ ಸೇರಿ ಅದು ಮುಚ್ಚಿಕೊಳ್ಳುತ್ತೆ. ಐಸ್ ಇಡಬೇಡಿ, ನಾಳ ಇನ್ನೂ ಸಂಕುಚಿಸುತ್ತೆ. ನೋವು ಮಾಮೂಲಿಗಿಂತ ಜಾಸ್ತಿ ಅಂದ ತಕ್ಷಣ ಪಿಸ್ಟನ್ ನಿಲ್ಲಿಸಿ ಸೂಜಿ ಹೊರತೆಗೆದು, ಗಂಟೆ ಲೆಕ್ಕದಲ್ಲಿ ಸರ್ಜನ್‌ಗೆ ತೋರಿಸಿ. ಜಾಗ ಯಾವಾಗಲೂ ಕುಂಡೆಯ ಮೇಲ್ಭಾಗದ ಹೊರಗಿನ ಕಾಲುಭಾಗ, ಸೂಜಿ ಸ್ನಾಯು ಮುಟ್ಟುವಷ್ಟು ಉದ್ದ ಇರಲಿ. ಮಾತ್ರೆಯಲ್ಲಿ ಹೋಗುವ ನೋವಿಗೆ ಸೂಜಿ ಯಾಕೆ ಅನ್ನೋದು ಬೇರೆ ಜಗಳ.

ಉಪಕೇಂದ್ರ_ಸಿಎಚ್‌ಒ

ಮೇಲಕ್ಕೆ ಕಳಿಸುವಾಗ ಫೋಟೋ ತೆಗೆದು ಕಳಿಸಿದರೆ ಉಪಯೋಗ ಆಗುತ್ತಾ?

ತೊಗಲು_ವೈದ್ಯ

ತುಂಬಾ. ಅವರು ಬಸ್ಸಿಳಿದು ನಮ್ಮ ಮುಂದೆ ಕೂರುವ ಹೊತ್ತಿಗೆ ಬಲೆ ಅರ್ಧ ಮಾಸಿರುತ್ತೆ. ಒಪ್ಪಿಗೆ ಕೇಳಿ, ಮುಖ ಬಾರದ ಹಾಗೆ, ಫ್ಲಾಶ್ ಆರಿಸಿ ಕಿಟಕಿ ಬೆಳಕಲ್ಲಿ ನಾಲ್ಕು ತೆಗೆಯಿರಿ: ನಿಂತಾಗ ಎರಡೂ ಕಾಲು, ಕಂಬಳಿ ತೆಗೆದ ಮೇಲೆ ಎರಡೂ ಕಾಲು, ಹತ್ತಿರದಿಂದ ಒಂದು ಉಂಗುರ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಕೊನೆಗೆ ಬೆರಳಲ್ಲಿ ಒತ್ತಿ ಬಿಟ್ಟ ಜಾಗ. ಚರ್ಮ ಕಪ್ಪಿದ್ದರೆ ಅಂಗಾಲು, ಒಳತೊಡೆಯದ್ದೂ ಒಂದು. ಚೀಟಿಯಲ್ಲಿ ಯಾವ ಮಾತ್ರೆ, ಎಷ್ಟು ಗರ್ಭ, ಎಷ್ಟು ಹೆರಿಗೆ, ಒಲೆ-ಹೀಟರ್ ಅಭ್ಯಾಸ, ಬೆಚ್ಚಗೆ ಮಾಡಿದಾಗ ಏನಾಯಿತು, ಇಷ್ಟು ಬರೆಯಿರಿ. "ಸ್ಕಿನ್ ಅಲರ್ಜಿ" ಅಂತ ಮಾತ್ರ ಬರೆದು ಕಳಿಸಬೇಡಿ, ಒಪಿಡಿಯಲ್ಲಿ ಅವರಿಗೆ ಸಿಟ್ರಿಜಿನ್ ಕೊಟ್ಟು ವಾಪಸ್ ಕಳಿಸ್ತಾರೆ.